ತಾಮು ಬಚ್ಚಿಟ್ಟ ಕೊನೆಯ ನುಡಿ

ಮೊರಾಕೊದ ಸೆಫ್ರು ಊರಿನ ನಮ್ಮ ಯಹೂದಿ ಕೇರಿಯಲ್ಲಿ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಹೆಣೆಯುವ ಹೆಂಗಸರು ಮನೆಮನೆಗೂ ಇದ್ದರು. ತಾಮು ಹೆಣೆದ ಗುಂಡಿ ಮಾತ್ರ ಬಟ್ಟೆ ಹರಿದರೂ ಬಿಚ್ಚುತ್ತಿರಲಿಲ್ಲ. ಅವಳ ಸಿಟ್ಟೂ ಹಾಗೆಯೇ.

ಅವಳ ಗಂಡ ಮಖ್ಲೂಫ್ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಹಾಡು ಕಟ್ಟುತ್ತಿದ್ದ. ಸಂಜೆ ಹೊಸ್ತಿಲಲ್ಲಿ ಕೂತು ಒಂದೊಂದೇ ಸಾಲನ್ನು ಗಟ್ಟಿಯಾಗಿ ಹೇಳಿ ನೋಡುವನು. ಅವಳು ಸೂಜಿ ಆಡಿಸುತ್ತ ಕೇಳುವಳು. ಓದು ಬಾರದ ತಾಮುವಿಗೆ ಅವನ ಹಾಡೆಲ್ಲ ಬಾಯಿಪಾಠ. ಅವರಿಗೆ ಮಕ್ಕಳಾಗಲಿಲ್ಲ. ಶುಕ್ರವಾರ ಸಂಜೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಬರಮಾಡಿಕೊಳ್ಳುವ ಒಂದು ಹಾಡನ್ನು ಅವನು ಮೂರು ವರ್ಷ ತಿದ್ದಿದ. "ನಮ್ಮ ಹೆಸರು ಹೇಳೋಕೆ ಇದೊಂದು ಇರ್ಲಿ ಬಿಡೇ" ಎನ್ನುತ್ತಿದ್ದ. ಆ ಹಾಡಿನ ಕೊನೆಯ ನುಡಿ ಹೊಳೆದದ್ದು ಜ್ವರದಲ್ಲಿ ಮಲಗಿದಾಗ. ಬರೆಯಲು ಕೈ ಏಳಲಿಲ್ಲ. ಹೆಂಡತಿಯ ಕಿವಿಯಲ್ಲಿ ಹೇಳಿ ಕಣ್ಣು ಮುಚ್ಚಿದ.

ಏಳು ದಿನದ ಶೋಕ ಕಳೆದ ಮೇಲೆ ನಮ್ಮ ಗುರು ರಬ್ಬಿ ಮಿಮೂನ್ ಬಂದರು. ದೇವರ ಹೆಸರಿರುವ ಹಾಳೆಗಳು ಮೂಲೆಯಲ್ಲಿ ಬಿದ್ದಿರಬಾರದು, ವಿಧಿಯಂತೆ ಮಣ್ಣಿಗೆ ಸೇರಿಸುತ್ತೇನೆ ಎಂದು ಮಖ್ಲೂಫ್ ಬರೆದಿಟ್ಟದ್ದನ್ನೆಲ್ಲ ಗಂಟು ಕಟ್ಟಿ ಒಯ್ದರು. ಮರುವರ್ಷ ಪ್ರಾರ್ಥನಾ ಮಂದಿರದಲ್ಲಿ ಅದೇ ಹಾಡನ್ನು ತಮ್ಮದೆಂದು ಹಾಡಿದರು.

ತಾಮು ಅವರ ಮನೆಗೇ ಹೋದಳು. "ಅದು ನಮ್ಮನೆಯವರ ಹಾಡು, ರಬ್ಬಿಗಳೇ."

"ಗುಂಡಿ ಹೆಣೆಯೋಳಿಗೆ ಹಾಡಿನ ಉಸಾಬರಿ ಯಾಕಮ್ಮ? ಬರೆದಿದ್ದೇನಾದ್ರೂ ಇದ್ಯಾ ನಿನ್ ಹತ್ರ?"

ಇರಲಿಲ್ಲ. ತಿರುಗಿ ಬಂದವಳು ಏಳು ವರ್ಷ ಆ ಮಾತೆತ್ತಲಿಲ್ಲ. ಅವರ ನಿಲುವಂಗಿಗೆ ಮಾತ್ರ ಗುಂಡಿ ಹೆಣೆಯಲಿಲ್ಲ. ಬೇರೆ ಹೆಂಗಸರೂ ಹೆಣೆಯದಂತೆ ನೋಡಿಕೊಂಡಳು. ದರ್ಜಿ ಬಂದು ಗೋಗರೆದರೆ, "ಪಿನ್ನು ಹಾಕ್ಕೊಳ್ಳೋಕೆ ಹೇಳಣ್ಣ. ಚುಚ್ಚಿದ್ರೆ ಚುಚ್ಚಲಿ" ಎಂದಳು. ರಬ್ಬಿ ಪಿನ್ನು ಹಾಕಿಕೊಂಡೇ ಓಡಾಡಿದರು.

ಎಂಟನೆಯ ವರ್ಷ ಲಕ್ವ ಹೊಡೆದು ಅವರ ಎಡಗೈ ಬಿದ್ದುಹೋಯಿತು. ಹೊಸವರ್ಷಕ್ಕೂ ಮಹಾ ಉಪವಾಸಕ್ಕೂ ನಡುವಿನ ದಿನಗಳಲ್ಲಿ ನಾವು ನೋಯಿಸಿದವರ ಮನೆಗೆ ಹೋಗಿ ಕ್ಷಮೆ ಕೇಳುತ್ತೇವೆ. ಸಾಕ್ಷಿಗಳ ಮುಂದೆ ಮೂರು ಸಲ ಕೇಳಿದರೂ ಒಪ್ಪದಿದ್ದರೆ ಕೇಳಿದವನು ಪಾರು; ಪಾಪ ಒಪ್ಪದವರದು. ಸಾವಿಗೆ ಹೆದರಿದ ರಬ್ಬಿ ತಾಮುವಿನ ಬಾಗಿಲಿಗೆ ಬಂದರು. ಪಕ್ಕದ ಮನೆಯವನಾದ ನನ್ನನ್ನೂ ಇನ್ನಿಬ್ಬರನ್ನೂ ಸಾಕ್ಷಿಗೆ ಕರೆದರು.

"ತಿಳಿದೋ ತಿಳೀದೆಯೋ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಮ್ಮ."

"ಏನಾದ್ರೂ ಅಂದ್ರೆ ಯಾವ್ದು? ನಾನು ಒಂದೊಂದೇ ಗುಂಡಿ ನೋಡಿ ತೆಗೆದಿಡೋಳು. ಬಿಡಿಸಿ ಹೇಳಿ."

ಎರಡನೆಯ ಸಲ ಬುಟ್ಟಿ ತುಂಬ ಅಂಜೂರ ತಂದರು. "ಅಂಜೂರ ನಮ್ಮನೆಯವರಿಗೆ ಇಷ್ಟ. ಅವರಿಗೇ ಕೊಟ್ಬನ್ನಿ" ಎಂದು ಬಾಗಿಲು ಹಾಕಿಕೊಂಡಳು.

ಮೂರನೆಯ ಸಲ ರಬ್ಬಿಯ ದನಿ ಕುಸಿದಿತ್ತು. "ಹಾಡು ಮಖ್ಲೂಫನದು. ನಾನು ಕದ್ದೆ. ಇದು ಮೂರನೇ ಸಲ, ತಾಮು."

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಕದ್ದದ್ದು ಅವರದ್ದು; ನಾನ್ಯಾಕೆ ಕ್ಷಮಿಸ್ಲಿ? ಸತ್ತವರಿಗೆ ಮಾಡಿದ ತಪ್ಪಿಗೆ ಹತ್ತು ಜನರನ್ನ ಗೋರಿ ಹತ್ರ ನಿಲ್ಲಿಸ್ಕೊಂಡು ಹೇಳ್ಬೇಕು. ಇದನ್ನೂ ಗುಂಡಿ ಹೆಣೆಯೋಳೇ ಕಲಿಸ್ಬೇಕಾ?"

ಮಾರನೆಯ ದಿನ ಹತ್ತು ಜನ ಸ್ಮಶಾನದ ಗುಡ್ಡ ಹತ್ತಿದೆವು. ಹಿಂದಿನಿಂದ ತಾಮು. ರಬ್ಬಿ ಚಪ್ಪಲಿ ಬಿಟ್ಟು ಗೋರಿಯೆದುರು ನಿಂತು ತಪ್ಪೊಪ್ಪಿಕೊಂಡರು.

"ಕೊನೇಲಿ ನಿಂತವರಿಗೆ ಕೇಳಿಸ್ಲಿಲ್ಲ" ಎಂದಳು ತಾಮು.

ಮತ್ತೆ ಹೇಳಿದರು. ಅವಳು ಇನ್ನೊಮ್ಮೆ ಹೇಳಿಸಿದಳು. ಮುದುಕನ ಗಂಟಲು ಬಿರಿಯುವಂತಾಗಿ ನಮಗೇ ನಾಚಿಕೆಯಾಯಿತು. "ಕ್ಷಮಿಸಲಾಗಿದೆ" ಎಂದು ಹತ್ತೂ ಜನ ಹೇಳಿದೆವು. ಅವಳು ತುಟಿ ಬಿಚ್ಚಲಿಲ್ಲ.

ಇಳಿಯುವಾಗ ರಬ್ಬಿ ಕೇಳಿದರು: "ಆ ಹಾಡು ನಡುವೆ ನಿಂತ ಹಾಗಿದೆ. ಇನ್ನೊಂದು ನುಡಿ ಇತ್ತಾ?"

"ಇದೆ."

"ಹೇಳ್ತೀಯಾ ತಾಯಿ?"

"ಸತ್ತವರು ಕ್ಷಮಿಸಿರಬಹುದು, ರಬ್ಬಿಗಳೇ. ನಾನಿನ್ನೂ ಬದುಕಿದೀನಿ."

ಆಮೇಲೆ ಹನ್ನೆರಡು ವರ್ಷ ಬದುಕಿದಳು. ಸಾಯುವ ವಾರದಲ್ಲಿ ಹೆಂಗಸರು ಕಿವಿಯನ್ನು ಅವಳ ಬಾಯಿಗಿಟ್ಟು ಕೂತರು. ಅವಳ ಬೆರಳುಗಳು ಕೈಯಲ್ಲಿಲ್ಲದ ಸೂಜಿಯನ್ನು ಆಡಿಸುತ್ತಿದ್ದವು, ನುಡಿ ಹೊರಬರಲಿಲ್ಲ.

ಈಗ ಶುಕ್ರವಾರ ಸಂಜೆ ಮಖ್ಲೂಫನ ಹೆಸರು ಹೇಳಿಯೇ ಆ ಹಾಡು ಹಾಡುತ್ತೇವೆ. ಅದು ಫಕ್ಕನೆ ನಿಲ್ಲುತ್ತದೆ. ಪರವೂರಿನಿಂದ ಬಂದವರು ಯಾರಾದರೂ "ಮುಂದೆ?" ಎನ್ನುತ್ತಾರೆ. ಆಗ ರಬ್ಬಿ ಮಿಮೂನರು ಗಂಟು ಕಟ್ಟಿ ಒಯ್ದ ದಿನದಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಹೇಳಬೇಕಾಗುತ್ತದೆ.