ಬಂಗಲೆಗೆ ಹೋದ ಲಿಲ್ಲಿ

ಮದುವೆಯಾಗಿ ಭದ್ರಾವತಿಗೆ ಬರುವಾಗ ಶಿವಮೊಗ್ಗದ ತವರಿನಿಂದ ನಾನು ಕೇಳಿ ತಂದದ್ದು ಒಂದೇ, ಅಮ್ಮನ ಹಿತ್ತಲಿನ ಬಿಳಿ ಲಿಲ್ಲಿಯ ಗೆಡ್ಡೆ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಗುಮಾಸ್ತರು. ಊರಿನ ಜನ್ನಾಪುರದಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಹಿತ್ತಲೇ ಇರಲಿಲ್ಲ. ಸೀಮೆಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಹೊಳೆ ಮರಳು, ಹಳೇ ಗೊಬ್ಬರ, ಮಣ್ಣು ಬೆರೆಸಿ ಗೆಡ್ಡೆ ನೆಟ್ಟೆ. ಬೆಳಗಿನ ಬಿಸಿಲು ಬರುವ ಕಿಟಕಿಯ ಕೆಳಗೆ ಇಟ್ಟೆ. ಬೆರಳು ಊರಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಎಲೆ ಹಳದಿಯಾದರೆ ಅದೂ ಇಲ್ಲ. ಗೆಡ್ಡೆ ಮಲಗುವ ಕಾಲ ಅದು.

"ಮಣ್ಣಿನ ಡಬ್ಬಕ್ಕೆ ಪೂಜೆ ಮಾಡ್ತಾಳೆ" ಎಂದು ಇವರು ನಗುತ್ತಿದ್ದರು. ಅಡ್ಡ ಬಂದಾಗಲೆಲ್ಲ ಅದನ್ನು ಕಾಲಿನಿಂದ ತಳ್ಳುತ್ತಿದ್ದರು.

ಮೂರನೇ ವರ್ಷ ಹೂ ಬಿಟ್ಟಿತು. ಮನೆ ತುಂಬ ಪರಿಮಳ. ಮರುದಿನ ನಾನು ನಲ್ಲಿಯಿಂದ ನೀರು ತರುವಷ್ಟರಲ್ಲಿ ಕಿಟಕಿಯ ಕೆಳಗೆ ಡಬ್ಬವೇ ಇರಲಿಲ್ಲ.

"ಕಾರ್ಖಾನೆ ಸಾಹೇಬರ ಬಂಗಲೆಗೆ ಕಳಿಸಿದೆ. ಒಂದು ಗಿಡಕ್ಕೆ ಅಷ್ಟು ಮುಖ ಊದಿಸ್ಕೋಬೇಡ ಮಾರಾಯ್ತಿ" ಅಂದರು.

ನನ್ನನ್ನೊಂದು ಮಾತು ಕೇಳಬೇಕೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ! ತಂದ ಕೊಡವನ್ನು ಇಳಿಸಿ ಒಲೆ ಹೊತ್ತಿಸಿದೆ.

ತಿಂಗಳು ಕಳೆದ ಮೇಲೆ, "ಗಿಡ ಹಾಳಾಯ್ತಂತೆ, ತವರಿಂದ ಇನ್ನೊಂದು ತರಿಸು" ಎಂದು ಇವರ ಅಪ್ಪಣೆ ಬಂತು. ಮರುದಿನ ಇವರು ಕೆಲಸಕ್ಕೆ ಹೋದದ್ದೇ ತಡ, ಬಾಗಿಲಿಗೆ ಬೀಗ ಹಾಕಿ ನೆಟ್ಟಗೆ ಬಂಗಲೆಗೆ ನಡೆದೆ.

ಸಾಹೇಬರ ಹೆಂಡತಿ ಒಳಗೆ ಕರೆದು ಕೂರಿಸಿದರು. ನಡುಮನೆಯ ಕತ್ತಲೆ ಮೂಲೆಯಲ್ಲಿ ನನ್ನ ಡಬ್ಬವಿತ್ತು. ಮಣ್ಣು ಕೆಸರಾಗಿ ನಾರುತ್ತಿತ್ತು.

"ದಿನಾ ಎರಡು ಹೊತ್ತೂ ತಂಬಿಗೆ ತುಂಬ ನೀರು ಹಾಕಿಸಿದೀನಿ. ನಿಮ್ಮ ಯಜಮಾನ್ರೇ ಹಾಗೆ ಹೇಳಿದ್ದು. ಮೂರು ವರ್ಷ ಅವರೇ ಮಗು ಥರ ಸಾಕಿದ್ರಂತಲ್ಲ?" ಅಂದರು ಆಕೆ.

ನಾನು ಎದ್ದು ಡಬ್ಬದ ಹತ್ತಿರ ಹೋದೆ.

"ಅವರು ಈ ಡಬ್ಬಾನ ಮುಟ್ಟಿದ್ದು ಕಾಲಲ್ಲಿ ಮಾತ್ರ, ಅಮ್ಮಾ. ಸಾಕಿದ್ದು ನಾನು."

ಆಕೆಯೂ ಎದ್ದರು. ತಾವೇ ಹಳೇ ಪೇಪರು ತಂದು ನೆಲಕ್ಕೆ ಹಾಸಿದರು. ಡಬ್ಬ ಬೋರಲು ಹಾಕಿದೆ. ಗೆಡ್ಡೆ ಕೊಳೆತು ಲೋಳೆಯಾಗಿತ್ತು. ಪಕ್ಕದಲ್ಲಿ ಅಡಿಕೆ ಗಾತ್ರದ ಎರಡು ಮರಿಗೆಡ್ಡೆ ಮಾತ್ರ ಗಟ್ಟಿಯಾಗಿದ್ದವು. ಒರೆಸಿ, ಕೊಳೆಯದಂತೆ ಒಲೆಯ ಬೂದಿ ಸವರಿದೆ. ಒಂದನ್ನು ಆಕೆಗೇ ಕೊಟ್ಟು ನೀರು, ಬಿಸಿಲಿನ ಕ್ರಮ ಹೇಳಿದೆ. ಇನ್ನೊಂದನ್ನು ಮನೆಗೆ ತಂದೆ.

ಸಂಜೆಯೊಳಗೆ ಸುದ್ದಿ ಆಫೀಸು ಮುಟ್ಟಿತ್ತು.

"ಸಾಹೇಬರ ಮುಂದೆ ನನ್ನ ಮಾನ ಕಳೆದು ಬಂದೆಯಲ್ಲೇ!" ಎಂದು ಬಾಗಿಲಲ್ಲೇ ಕೂಗಾಡಿದರು.

"ನಾನು ಬೆಳೆಸಿದ್ದನ್ನ ನೀವು ಬೆಳೆಸಿದ್ದು ಅಂತ ಕೊಟ್ರಲ್ಲ, ಆಗ ನನ್ನ ಮಾನ ಎಲ್ಲಿ ಹೋಗಿತ್ತು?"

ಎಂಟು ದಿನ ಅವರು ಮಾತಾಡಲಿಲ್ಲ. ಬಡಿಸಿದೆ, ನಾನೂ ಮಾತಾಡಲಿಲ್ಲ.

ವರ್ಷಗಳು ಕಳೆದ ಮೇಲೆ ಎರಡೂ ಗೆಡ್ಡೆ ಹೂ ಬಿಟ್ಟವು. ಬಂಗಲೆಗಳ ಹೆಂಗಸರು ಗೆಡ್ಡೆಗಾಗಿ ನನ್ನನ್ನೇ ಕೇಳಿಕೊಂಡು ಮನೆಗೆ ಬರತೊಡಗಿದರು. ಅವರು ಬಂದರೆ ಇವರು ಕೋಟು ಹಾಕಿಕೊಂಡು ಹೊರಗೆ ಹೊರಟುಬಿಡುತ್ತಿದ್ದರು. "ಇದು ನನ್ನ ಹೆಂಡತಿ ಬೆಳೆಸಿದ್ದು" ಎಂಬ ಮಾತು ಕೊನೆಯವರೆಗೂ ಅವರ ಬಾಯಿಂದ ಬರಲಿಲ್ಲ. ಇದಕ್ಕಿಂತ ದೊಡ್ಡ ತಪ್ಪುಗಳನ್ನು ನಾನು ಕ್ಷಮಿಸಿದ್ದೇನೆ. ಇದನ್ನು ಕ್ಷಮಿಸಿಲ್ಲ. ಕ್ಷಮಿಸಬೇಕು ಅಂತಲೂ ಅನ್ನಿಸಿಲ್ಲ.