ಒಡೆದರೂ ಬೀಳದ ಗಾಜು ತಂದವರು

ಆ ಗಾಜಿನ ಸಾಹೇಬರ ಎಡಗೈಯಲ್ಲಿ ಹಸ್ತರೇಖೆಯೇ ಉಳಿದಿರಲಿಲ್ಲ. ಅಂಗೈ ತುಂಬ ಗಾಜು ಕೊಯ್ದ ಗೆರೆಗಳು. ಶಾಸ್ತ್ರ ಹೇಳುವವನು ನೋಡಿದ್ದರೆ ಎದ್ದು ಹೋಗುತ್ತಿದ್ದ.

ಶಿರಾದಲ್ಲಿ ಅವರ ಗಾಜಿನ ಅಂಗಡಿ. ಮಧುಗಿರಿಯಲ್ಲಿ ನಾವು ಮನೆ ಕಟ್ಟಿಸುವಾಗ, ತಲೆಬಾಗಿಲ ಪಕ್ಕ ಆಳೆತ್ತರದ ಗಾಜು ಬೇಕೆಂದು ಸೊಸೆ ಹಟ ಹಿಡಿದಳು. ಅಳತೆಗೆ ಬಂದ ಸಾಹೇಬರು ಒಂಟಿ ಗಾಜು ಹಾಕುವುದಿಲ್ಲ ಎಂದುಬಿಟ್ಟರು. ಎರಡು ಗಾಜಿನ ನಡುವೆ ಅಂಟಿನ ಹಾಳೆ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜೇ ಆಗಬೇಕಂತೆ.

ಮಾತು ಬಹಳ. ಟೀಗೆ ಇನ್ನಷ್ಟು ಸಕ್ಕರೆ ಹಾಕಿಸಿಕೊಂಡು ಕೂತರೆ ಏಳುತ್ತಿರಲಿಲ್ಲ. ಬಸ್ಸಿನ ಹಾರನ್ನು ಒಳಗೆ ಅಷ್ಟು ಕೇಳಿಸದು, ಬಿಸಿಲಿಗೆ ಪರದೆಯ ಬಣ್ಣ ಬೇಗ ಕೆಡದು, ಕಳ್ಳ ಒಡೆದು ನುಗ್ಗುವಷ್ಟರಲ್ಲಿ ಬೀದಿಯೇ ಎದ್ದಿರುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು.

"ಗಾಜು ಮಾರಕ್ ಬಂದಿದ್ದೀಯಾ, ಇಲ್ಲಾ ಹೆಣ್ಣು ಹೊಗಳಿ ಸಂಬಂಧ ಕುದುರ್ಸಕ್ ಬಂದಿದ್ದೀಯಾ? ಗಾಜು ಅಂದ್ಮೇಲೆ ಒಡೀದಂಗೆ ಇರ್ತದಾ?" ಎಂದೆ.

"ಒಡೀತದೆ ಅಮ್ಮಾ. ಒಡೆಯಲ್ಲ ಅಂದ್ರೆ ನಾನು ಸುಳ್ಳುಗಾರ. ಒಡೆದ್ರೂ ಅಂಟ್ಕೊಂಡೇ ಇರ್ತದೆ, ಮೈಮೇಲೆ ಬೀಳಲ್ಲ."

ನಂಬಲಿಲ್ಲ. ಸೊಸೆಯ ಕಾಟಕ್ಕೆ ಹೂಂ ಎಂದೆ.

ಗೃಹಪ್ರವೇಶದ ದಿನ ಬಾಗಿಲ ಮುಂದೆ ಈಡುಗಾಯಿ ಒಡೆಯಲು ಮಿಡಿಗೇಶಿಯ ನನ್ನ ಮೈದುನ ಪಂಚೆ ಎತ್ತಿ ಕಟ್ಟಿ ನಿಂತ. ಕಾಯಿ ಪುಡಿಪುಡಿಯಾದಷ್ಟೂ ಒಳ್ಳೆಯದೆಂದು ಅವನ ನಂಬಿಕೆ. ಬೀಸಿದ ರಭಸಕ್ಕೆ ಕಾಯಿ ಕೈಜಾರಿ ನೇರ ಗಾಜಿಗೆ ಬಡಿಯಿತು. ಒಳಗಡೆ ಅದೇ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು, ಆಗಿನ್ನೂ ತೊದಲುತ್ತಿದ್ದ ನನ್ನ ಮೊಮ್ಮಗಳು.

ಗಾಜೆಲ್ಲ ಜೇಡರಬಲೆಯಂತೆ ಬಿರಿದು ಬೆಳ್ಳಗಾಯಿತು. ಮಗು ಕಾಣದಾಯಿತು. ಓಡಿಹೋಗಿ ಅವಳ ಕಣ್ಣು, ಕೆನ್ನೆ, ಕೂದಲ ಬುಡವೆಲ್ಲ ತಡವಿದೆ. ರಕ್ತದ ಗುರುತಿಲ್ಲ. ಗಾಜು ಇದ್ದಲ್ಲೇ ನಿಂತಿತ್ತು. ಶುಭದಿನ ಗಾಜು ಒಡೆದದ್ದು ಅಪಶಕುನ ಎಂದು ಬಂದವರು ಗೊಣಗಿದರು. ಮಗು ಉಳಿದದ್ದು ಯಾವ ಶಕುನ ಎಂದು ಕೇಳಿದೆ.

ಸುದ್ದಿ ಕೇಳಿ ಮರುದಿನ ಸಾಹೇಬರು ಬಂದರು. ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. "ಬೇಟಿ ಎಲ್ಲವ್ಳೆ? ಮೊದ್ಲು ತೋರ್ಸಿ" ಎಂದರು. ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ ಮೇಲೆ ಜಗುಲಿಯಲ್ಲಿ ಕೂತು ಟೀ ಕುಡಿದರು. ಆಮೇಲೆ ಮೈದುನನನ್ನು ಚೆನ್ನಾಗಿ ಬೈದರು. ನಾನು ಬಿಡಿಸಲು ಹೋಗಲಿಲ್ಲ.

ಹೋದ ಬೇಸಿಗೆಯಲ್ಲಿ ಸಾಹೇಬರು ಎದೆನೋವು ಬಂದು ತೀರಿಕೊಂಡರು. ಮೊಮ್ಮಗಳನ್ನು ಕರೆದುಕೊಂಡು ಶಿರಾಕ್ಕೆ ಹೋದೆ. ಸಾವಿನ ಮನೆಯಲ್ಲಿ ಏನು ಆಡಬೇಕೆಂದು ನನಗೆ ತಿಳಿಯುವುದಿಲ್ಲ. ಅವರ ಹೆಂಡತಿಯ ಮುಂದೆ ಹುಡುಗಿಯನ್ನು ನಿಲ್ಲಿಸಿ, "ಇವಳ ಕಣ್ಣೆರಡೂ ನಿನ್ ಗಂಡ ಉಳ್ಸಿದ್ದು ಕಣಮ್ಮ, ನೋಡ್ಕೋ" ಎಂದೆ.