ಸೂಜಿಮೊನೆಯ ಅನುಮಾನ

ಬೆಳಗಿನ ಆರೂವರೆ. ಕಡಕೊಳದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳು ಇನ್ನೂ ಸದ್ದು ಮಾಡಿಲ್ಲ. ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿ ಸುಮಿತ್ರಮ್ಮ ಒಬ್ಬರೇ, ಬಟ್ಟೆಯೊಳಗೆ ಉಳಿದ ಸೂಜಿ ಚೂರು ಪತ್ತೆ ಹಚ್ಚುವ ಯಂತ್ರದ ಮುಂದೆ ನಿಂತಿದ್ದಾರೆ. ಕೈಯಲ್ಲೊಂದು ಕಾರ್ಡು, ಅದರೊಳಗೆ ಸಾಸಿವೆಗಿಂತ ಸಣ್ಣ ಕಬ್ಬಿಣದ ಗುಂಡು. ಓಡುವ ಬೆಲ್ಟಿನ ಎಡಕ್ಕೊಮ್ಮೆ, ನಡುವಿಗೊಮ್ಮೆ, ಬಲಕ್ಕೊಮ್ಮೆ ಕಾರ್ಡಿಟ್ಟು ಒಳಗೆ ಬಿಡುತ್ತಾರೆ. ಮೂರು ಸಲವೂ ಯಂತ್ರ ಕೂಗಿಕೊಂಡು ನಿಲ್ಲುತ್ತದೆ. ಅಷ್ಟಕ್ಕೇ ಸಮಾಧಾನವಾಗದೆ ಇನ್ನೊಂದು ಸುತ್ತು ನೋಡುತ್ತಾರೆ.

"ಮಷಿನ್ನು ಅಂತ ನಂಬ್ಕೊಂಡು ಕೂತ್ಕೊಳಕಾಯ್ತದಾ? ನೆನ್ನೆ ಸರಿಯಾಗಿತ್ತು, ಇವತ್ತೂ ಸರಿಯಾಗಿರ್ತದೆ ಅಂತ ಯಾರ್ ಬರ್ಕೊಟ್ಟವ್ರೆ?"

ಬನ್ನಿಮಂಟಪದ ಹಿಂದಿನ ಬೀದಿಯಿಂದ ಕಂಪನಿ ಬಸ್ಸಿನಲ್ಲಿ ಬರುವ ಸುಮಿತ್ರಮ್ಮನಿಗೆ ಈಗ ಐವತ್ತೆರಡು. ಪತ್ರಿಕೆಯಲ್ಲಿ ಬರೆಯುತ್ತೇವೆಂದಾಗ ಮೊದಲು ಗುರುತಿನ ಚೀಟಿ ಕೇಳಿ, ಎರಡೂ ಬದಿ ತಿರುಗಿಸಿ ನೋಡಿದರು. ಆಮೇಲೆ, "ಮ್ಯಾನೇಜರ್ ಕಳ್ಸಿದ್ರಾ ನಿಮ್ಮನ್ನ?" ಅಂದರು.

ತಿರುಪ್ಪೂರಿನಿಂದ ಬಂದ ಬಟ್ಟೆ ಇಲ್ಲಿ ಕತ್ತರಿಸಿ, ಹೊಲಿದು, ಇಸ್ತ್ರಿಯಾಗಿ ಮಕ್ಕಳ ಫ್ರಾಕಾಗುತ್ತದೆ. ಅಲ್ಲಿಂದ ಕಂಟೇನರಿನಲ್ಲಿ ಚೆನ್ನೈ ಬಂದರು, ಬಂದರಿನಿಂದ ಹೊರದೇಶದ ಅಂಗಡಿ. ದಿನಕ್ಕೆ ಸುಮಾರು ನಾಲ್ಕು ಸಾವಿರ ಫ್ರಾಕು. ಡಬ್ಬ ಮುಚ್ಚುವ ಮುಂಚೆ ಅವುಗಳ ಮೇಲೆ ಬೀಳುವ ಕೊನೆಯ ಕಣ್ಣು ಸುಮಿತ್ರಮ್ಮನದು. ಹೊಲಿಯುವಾಗ ಸೂಜಿ ಮುರಿದರೆ ಅದರ ಪ್ರತಿ ಚೂರನ್ನೂ ಹುಡುಕಿ ರಿಜಿಸ್ಟರಿಗೆ ಅಂಟಿಸಬೇಕು. ಒಂದು ಚೂರು ಸಿಗದಿದ್ದರೂ ಆ ಸರಕು ಹೊರಗೆ ಹೋಗುವಂತಿಲ್ಲ.

ಈ ಅನುಮಾನದ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ, ಬೇರೊಂದು ಕಾರ್ಖಾನೆಯಲ್ಲಿ ಟೈಲರ್ ಆಗಿದ್ದಾಗ, ಸೂಜಿ ಅವರ ತೋರುಬೆರಳನ್ನೇ ಹೊಲಿದಿತ್ತು. "ಏನೂ ಉಳ್ದಿಲ್ಲ ಬುಡಮ್ಮ, ಬಟ್ಟೆ ಕಟ್ಕೊಂಡು ಹೊಲಿ ಅಂದ್ರು. ನಂಬ್ಬುಟ್ಟೆ. ನಾಕನೇ ದಿನಕ್ಕೆ ಕೈ ಊದ್ಕೊಂಡು, ಕುಯ್ಸಿ ಚೂರು ತೆಗ್ಸಿದೆ." ಆ ಬೆರಳು ಇವತ್ತಿಗೂ ಮಡಚುವುದಿಲ್ಲ.

ಕಳೆದ ಆಷಾಢದಲ್ಲಿ ಒಂದು ಬುಧವಾರ ಅವರು ರಜೆ ಹಾಕಿದ್ದರು. ಗುರುವಾರ ಬೆಳಿಗ್ಗೆ ಬಂದಾಗ ಮೂರು ಸಾವಿರದ ಎಂಟುನೂರು ಫ್ರಾಕು ಡಬ್ಬ ಸೇರಿ, ಕಂಟೇನರ್ ಬಾಗಿಲಿಗೇ ಬಂದು ನಿಂತಿತ್ತು. ಅಭ್ಯಾಸಬಲದಿಂದ ರಿಜಿಸ್ಟರ್ ತೆರೆದರು. ಹಿಂದಿನ ದಿನ ಮುರಿದ ಸೂಜಿಯ ಮೂರು ಚೂರು ಅಂಟಿಸಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಒಂದು ಇಡೀ ಸೂಜಿ ತಂದು ಪಕ್ಕಕ್ಕಿಟ್ಟು ಅಳೆದರು. ಮೂರು ಚೂರು ಸೇರಿ ಇಡೀ ಸೂಜಿಗಿಂತ ಉದ್ದವಿತ್ತು! ಅಂದರೆ ಒಂದು ಚೂರು ಬೇರೆ ಸೂಜಿಯದು; ಮೊನೆಯ ಚೂರಿನ ದಪ್ಪವೇ ಬೇರೆ. ನಿಜವಾದ ಮೊನೆ ಯಾವುದೋ ಫ್ರಾಕಿನೊಳಗಿದೆ.

ನೇರವಾಗಿ ಹೋಗಿ ಸೂಜಿ ಮುರಿದುಕೊಂಡ ಟೈಲರ್ ಗಗನಳನ್ನು ನಿಲ್ಲಿಸಿ ಕೇಳಿದರು. ಎಲ್ಲರ ಎದುರಿಗೇ. ಅವಳು ತಲೆ ತಗ್ಗಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಇವಳದೇ ಕೆಲಸ ಅಂತ ಸುಮಿತ್ರಮ್ಮ ತೀರ್ಮಾನಿಸಿಬಿಟ್ಟರು. ಅಷ್ಟರಲ್ಲಿ ಸೂಪರ್‌ವೈಸರ್ ಅಮರ್ ಬಂದ. "ಮಷಿನ್ನೇ ಪಾಸ್ ಮಾಡಿದ್ಮೇಲೆ ನಿಮ್ದೇನ್ರೀ? ಲೋಡ್ ಆಗ್ಲಿ ಬುಡಿ."

ಸುಮಿತ್ರಮ್ಮ ಕಾರ್ಡನ್ನು ಬೆಲ್ಟಿನ ಮೇಲಿಟ್ಟರು. ನಡುವೆ ಇಟ್ಟಾಗ ಯಂತ್ರ ಕೂಗಿತು. ಎಡಕ್ಕಿಟ್ಟಾಗ ಕಾರ್ಡು ಸದ್ದಿಲ್ಲದೆ ಆಚೆ ಬಂತು.

ಮ್ಯಾನೇಜರ್ ಬಂದು ನೋಡಿ, ಎಲ್ಲ ಡಬ್ಬ ಬಿಚ್ಚಿ ಅಂದರು. ಯಂತ್ರ ರಿಪೇರಿಯಾಗುವಷ್ಟರಲ್ಲಿ ಮಧ್ಯಾಹ್ನ. ಸಂಜೆ ನಾಲ್ಕಕ್ಕೆ, ಎರಡು ಸಾವಿರ ದಾಟಿದ ಮೇಲೆ, ಹಳದಿ ಫ್ರಾಕೊಂದು ಒಳಹೋಗುತ್ತಲೇ ಯಂತ್ರ ಕೂಗಿ ನಿಂತಿತು. ಸೊಂಟದ ಎಲಾಸ್ಟಿಕ್ಕಿನೊಳಗೆ ಮೊನೆ ಅಡಗಿತ್ತು. ಮೂರು ವರ್ಷದ ಮಗುವಿನ ಅಳತೆಯ ಫ್ರಾಕು ಅದು.

ವಿಚಾರಿಸಿದಾಗ ನಿಜ ಹೊರಬಿತ್ತು. ಮೊನೆ ಸಿಕ್ಕಿಲ್ಲವೆಂದು ಗಗನ ಬುಧವಾರವೇ ಅಮರ್‌ಗೆ ಹೇಳಿದ್ದಳು. ಹುಡುಕುತ್ತ ಕೂತರೆ ಹೊಲಿಗೆ ಲೈನು ನಿಲ್ಲುತ್ತದೆಂದು ಹಳೇ ಚೂರು ಅಂಟಿಸಿದವನು ಅವನೇ. ಅವನಿಗೆ ಹೆದರಿ ಅವಳು ಸುಮ್ಮನಿದ್ದಳು. ಅವನನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ಕಂಟೇನರ್ ಒಂದು ದಿನ ತಡವಾಗಿ ಹೊರಟಿತು.

ಸುಮಿತ್ರಮ್ಮನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಮರುದಿನ ಊಟದ ಹೊತ್ತಿಗೆ ಗಗನಳ ಪಕ್ಕ ಹೋಗಿ ಕೂತರು. "ತಪ್ಪಾಯ್ತು ಕಣಮ್ಮ."

"ಎಲ್ಲಾರ್ನೂ ಅನುಮಾನದಿಂದ ನೋಡೋರು ನೀವು, ಸರಿ. ಆದ್ರೆ ಕೇಳಿದ್ದು ನನ್ನೊಬ್ಳನ್ನೇ ಅಲ್ವಾ ಅಕ್ಕ?" ಅಂದಳು ಗಗನ.

"ಅವತ್ತಿಂದ ಮೊದ್ಲು ಸೂಪರ್‌ವೈಸರ್‌ನ ಕೇಳ್ತೀನಿ, ಆಮೇಲೆ ಟೈಲರ್‌ನ," ಅನ್ನುತ್ತಾರೆ ಸುಮಿತ್ರಮ್ಮ. ಹೇಳುವಾಗ ಧ್ವನಿ ತಗ್ಗುತ್ತದೆ.

ಕಂಪನಿ ಒಂದು ಶಾಲು ಹೊದಿಸಿತು, ಚಪ್ಪಾಳೆ ತಟ್ಟಿತು. ಬೇರೇನಾದರೂ ಬೇಕಾ ಎಂದು ಮ್ಯಾನೇಜರ್ ಕೇಳಿದಾಗ ಅವರು ಕೇಳಿದ್ದು ಒಂದೇ: ದಿನವಿಡೀ ನಿಂತೇ ದುಡಿಯುವ ಚೆಕಿಂಗ್ ಹೆಂಗಸರು ಹನ್ನೊಂದು ಮಂದಿ, ಒಬ್ಬೊಬ್ಬರಿಗೊಂದು ಸ್ಟೂಲು.

"ಕೊಡ್ತೀವಿ ಅಂದವ್ರೆ," ಅನ್ನುತ್ತಾ ಸುಮಿತ್ರಮ್ಮ ಮುಂದಿನ ಫ್ರಾಕನ್ನು ಬೆಲ್ಟಿಗಿಡುತ್ತಾರೆ. "ಬರ್ಲಿ. ಬಂದ್ಮೇಲೂ ನಾಕು ಕಾಲು ಗಟ್ಟಿಯಾಗವ್ವಾ ಅಂತ ಅಳ್ಳಾಡ್ಸಿ ನೋಡೇ ಕೂರೋದು."